ಎಷ್ಟರಲ್ಲಿ ಎಷ್ಟು ಅಂತ ಕೇಳೋದನ್ನ ಮಕ್ಕಳಿಗೆ ಕಲಿಸಿ: ಪಠ್ಯಕ್ರಮ ಮಂಡಳಿಗೆ ಒಂದು ಬಹಿರಂಗ ಪತ್ರ

ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಮತ್ತು ಡೇಟಾ ಸೈನ್ಸ್ ಪಠ್ಯಕ್ರಮ ಮಂಡಳಿಯ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರಲ್ಲಿ ಹದಿನೇಳು ವರ್ಷದಿಂದ ಡೇಟಾ ಅನಾಲಿಸಿಸ್ ಕೆಲಸ ಮಾಡ್ತಾ ಇದ್ದೀನಿ, ಓದಿದ್ದು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ನಾಲ್ಕು ವರ್ಷದಿಂದ ಫೈನಲ್ ಇಯರ್ ಪ್ರಾಜೆಕ್ಟ್ ವೈವಾಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್ (ಹೊರಗಿನ ಪರೀಕ್ಷಕಿ) ಆಗಿ ಕರೀತಾರೆ, ಆಫೀಸಿಗೆ ರಜೆ ಹಾಕಿ ಹೋಗ್ತೀನಿ, ಆ ವಯಸ್ಸಿನ ಮಕ್ಕಳ ಜೊತೆ ಕೂತು ಕೆಲಸದ ಬಗ್ಗೆ ಮಾತಾಡೋದು ನಂಗೆ ನಿಜವಾಗ್ಲೂ ಇಷ್ಟ. ಈ ಪತ್ರ ಬರೀಬೇಕು ಅಂತ ಕಳೆದ ಮೇ ತಿಂಗಳಿಂದ ಅಂದ್ಕೊಳ್ತಾ ಇದ್ದೆ. ಕಾಲೇಜಿನ ಹೆಸರು ಹೇಳಲ್ಲ, ಯಾಕಂದ್ರೆ ಹೋದ ಕಡೆಯೆಲ್ಲಾ ನೋಡಿದ್ದು ಇದನ್ನೇ, ಅಲ್ಲಿನ ಮೇಷ್ಟ್ರುಗಳು ಮಕ್ಕಳು ಎಲ್ಲರೂ ಸಿಲಬಸ್ ಹೇಳಿದ ಹಾಗೆ ನಡ್ಕೊಂಡಿದ್ದಾರೆ ಅಷ್ಟೇ. ಸಿಲಬಸ್ ನಿಮ್ಮ ಕೈಲಿದೆ, ಅದಕ್ಕೆ ನಿಮಗೇ ಬರೀತಾ ಇದ್ದೀನಿ.

ಆ ಮೇ ತಿಂಗಳ ವೈವಾದಲ್ಲಿ ಒಂದೇ ದಿನ ಹನ್ನೊಂದು ಬ್ಯಾಚ್ ಇತ್ತು. ಎರಡನೇ ಮಹಡಿ ಲ್ಯಾಬು, ಟೇಬಲ್ ಮೇಲೆ ರಿಪೋರ್ಟ್‌ಗಳ ರಾಶಿ, ಮಧ್ಯಾಹ್ನ ಊಟ ಆದ್ಮೇಲೆ ಬಂದ ಬ್ಯಾಚಲ್ಲಿ ಇಬ್ಬರು ಹುಡುಗೀರು ಇಬ್ಬರು ಹುಡುಗರು. ಪ್ರಾಜೆಕ್ಟು ಕ್ರೆಡಿಟ್ ಕಾರ್ಡ್ ಫ್ರಾಡ್ ಕಂಡುಹಿಡಿಯೋದು. ಇದಕ್ಕೆ ಎಲ್ಲರೂ ಡೌನ್‌ಲೋಡ್ ಮಾಡೋ ಡೇಟಾಸೆಟ್ ಒಂದೇ, ಡೇಟಾ ಹಂಚಿಕೊಳ್ಳೋ ವೆಬ್‌ಸೈಟ್ ಕ್ಯಾಗಲ್‌ನಲ್ಲಿ ಇರೋದು, 2013ರ ಸೆಪ್ಟೆಂಬರಲ್ಲಿ ಯುರೋಪಿನ ಕಾರ್ಡುದಾರರು ಎರಡು ದಿನದಲ್ಲಿ ಮಾಡಿದ 2,84,807 ವಹಿವಾಟು, ಅದರಲ್ಲಿ ಫ್ರಾಡು 492. ಮಕ್ಕಳು ಸ್ಲೈಡ್ ಚೆನ್ನಾಗಿ ಮಾಡಿದ್ರು, ಕೋಡ್ ಓಡಿಸಿ ತೋರಿಸಿದ್ರು, ಕೊನೇ ಸ್ಲೈಡಲ್ಲಿ ದಪ್ಪ ಅಕ್ಷರದಲ್ಲಿ ಆಕ್ಯುರೆಸಿ 99.4 ಪರ್ಸೆಂಟ್ ಅಂತ ಹಾಕಿದ್ರು, ಅಂದ್ರೆ ನೂರರಲ್ಲಿ 99.4 ಸಲ ಮಾಡೆಲ್ ಸರಿಯಾಗಿ ಹೇಳಿದೆ ಅಂತ. ಪಕ್ಕದಲ್ಲಿದ್ದ ಇಂಟರ್ನಲ್, ಅಂದ್ರೆ ಕಾಲೇಜಿನದೇ ಪರೀಕ್ಷಕರು, ತಲೆಯಾಡಿಸಿದ್ರು.

ನಾನು ಕೇಳಿದೆ, "ನೋಡಮ್ಮಾ, ನಾನು ಒಂದೇ ಸಾಲಿನ ಪ್ರೋಗ್ರಾಂ ಬರೀತೀನಿ, ಯಾವ ವಹಿವಾಟು ಕೊಟ್ರೂ 'ಫ್ರಾಡ್ ಅಲ್ಲ' ಅಂತ ಮಾತ್ರ ಹೇಳತ್ತೆ, ಬೇರೆ ಏನೂ ಮಾಡಲ್ಲ. ಅದರ ಆಕ್ಯುರೆಸಿ ಎಷ್ಟು ಬರತ್ತೆ?"

ಟೀಂ ಲೀಡರ್ ಹುಡುಗಿ ಒಂದು ನಿಮಿಷ ಸುಮ್ಮನಿದ್ಲು, ಆಮೇಲೆ ಮೊಬೈಲ್ ತೆಗೆದು 492 ಭಾಗಿಸು 2,84,807 ಅಂತ ಒತ್ತಿದ್ಲು. ನೂರರಿಂದ ಕಳೆದ್ಲು. 99.83 ಬಂತು. ಮತ್ತೆ ಒಂದ್ಸಲ ಒತ್ತಿ ನೋಡಿದ್ಲು, ಆಗ್ಲೂ ಅಷ್ಟೇ ಬಂತು. "ಮೇಡಂ, ಅಂದ್ರೆ ನಮ್ಮ ಮಾಡೆಲ್ ಏನೂ ಮಾಡದೇ ಇರೋದಕ್ಕಿಂತ ಕಮ್ಮಿನಾ?" ಅಂದ್ಲು. ಆ ಪ್ರಶ್ನೆ ಕೇಳಿದಾಗ ಅವಳ ಮುಖ ನೋಡಿ ನಂಗೆ ಸಂಕಟ ಆಯ್ತು. ಎಂಟು ಸೆಮಿಸ್ಟರ್ ಓದಿ, ಪ್ರಾಬಬಿಲಿಟಿ ಪೇಪರ್ ಪಾಸ್ ಮಾಡಿ, ನಾಲ್ಕು ತಿಂಗಳು ಕೂತು ಪ್ರಾಜೆಕ್ಟ್ ಮಾಡಿದ ಮಗುಗೆ ಈ ಲೆಕ್ಕ ಒಂದ್ಸಲ ಮಾಡಿ ನೋಡು ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ ನಾನೂ ಅವಳೂ ಕೂತು ಟೆಸ್ಟ್ ಸೆಟ್, ಅಂದ್ರೆ ಮಾಡೆಲ್‌ಗೆ ಕಲಿಸೋಕೆ ಬಳಸದೇ ಪರೀಕ್ಷೆಗೆ ಅಂತ ಪಕ್ಕಕ್ಕಿಟ್ಟ ಡೇಟಾ, ನೋಡಿದ್ವಿ. 56,962 ವಹಿವಾಟು, ನಿಜವಾದ ಫ್ರಾಡು 98. ಅವರ ಮಾಡೆಲ್ ಹಿಡಿದಿದ್ದು 61, ಬಿಟ್ಟಿದ್ದು 37. ಅದಲ್ಲದೇ ಏನೂ ತಪ್ಪು ಮಾಡದ 305 ಜನರ ವಹಿವಾಟನ್ನ ಫ್ರಾಡ್ ಅಂದಿತ್ತು. ಅಂದ್ರೆ ಮಾಡೆಲ್ ಕೂಗಿದ್ದು 366 ಸಲ, ಅದರಲ್ಲಿ ನಿಜ ಆಗಿದ್ದು 61, ಆರು ಸಲ ಕೂಗಿದ್ರೆ ಒಂದು ಸಲ. ಇದು ಕೆಟ್ಟ ಮಾಡೆಲ್ ಅಂತಾನೂ ನಾನು ಹೇಳಲ್ಲ ನೋಡಿ, 98ರಲ್ಲಿ 61 ಹಿಡಿಯೋದು ಬ್ಯಾಂಕಿಗೆ ಉಪಯೋಗಕ್ಕೆ ಬರೋ ವಿಷಯಾನೇ, ಆ 305 ಜನಕ್ಕೆ ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತು ಅನ್ನೋ ಹಾಗಿದ್ರೆ ಇಟ್ಕೊಳ್ಳಬಹುದು, ಎಟಿಎಂ ಮುಂದೆ ಆಸ್ಪತ್ರೆ ಬಿಲ್ ಕಟ್ಟೋಕೆ ನಿಂತಿರೋರ ಕಾರ್ಡ್ ಬ್ಲಾಕ್ ಮಾಡೋದಾದ್ರೆ ಯೋಚನೆ ಮಾಡಬೇಕು. ಇಂಜಿನಿಯರ್ ಮಾತಾಡಬೇಕಾಗಿದ್ದು ಇದನ್ನ. ರಿಪೋರ್ಟಿನ ಎಪ್ಪತ್ತೆರಡು ಪುಟದಲ್ಲಿ 61 ಅನ್ನೋ ಸಂಖ್ಯೆ ಎಲ್ಲೂ ಇರಲಿಲ್ಲ, 305 ಕೂಡ ಇರಲಿಲ್ಲ, ಇದ್ದಿದ್ದು 99.4 ಮಾತ್ರ.

ಅದರ ಮುಂದಿನ ಬ್ಯಾಚೂ ಇದೇ ಡೇಟಾ ತಗೊಂಡಿತ್ತು, ಅವರದ್ದು 99.9. ಹೇಗೆ ಬಂತು ಅಂತ ಕೋಡ್ ತೆಗೆಸಿ ನೋಡಿದ್ರೆ, ಫ್ರಾಡ್ ಕಮ್ಮಿ ಇದೆ ಅಂತ ಸ್ಮೋಟ್ ಅನ್ನೋ ವಿಧಾನ ಹಾಕಿ ಇರೋ ಫ್ರಾಡ್‌ಗಳ ನಡುವಿನ ಕೃತಕ ಉದಾಹರಣೆಗಳನ್ನ ಹುಟ್ಟಿಸಿದ್ದಾರೆ, ಅದು ಸರಿ, ಆದ್ರೆ ಟ್ರೈನ್ ಟೆಸ್ಟ್ ಅಂತ ಭಾಗ ಮಾಡೋಕೆ ಮುಂಚೆನೇ ಮಾಡಿದ್ದಾರೆ. ಹಾಗೆ ಮಾಡಿದಾಗ ಟ್ರೈನಿಂಗಲ್ಲಿರೋ ಉದಾಹರಣೆಯ ಅಣ್ಣತಮ್ಮಂದಿರೇ ಟೆಸ್ಟಲ್ಲೂ ಕೂತಿರ್ತಾರೆ, ಪ್ರಶ್ನೆ ಪತ್ರಿಕೆ ಹಿಂದಿನ ರಾತ್ರಿ ಸಿಕ್ಕಿದ ಹಾಗೆ. ಸಾಲದ್ದಕ್ಕೆ ಟೆಸ್ಟ್ ಸೆಟ್ಟಲ್ಲಿ ಅರ್ಧ ಫ್ರಾಡು ಅರ್ಧ ಒಳ್ಳೇದು, ಹೊರಗಿನ ಪ್ರಪಂಚದಲ್ಲಿ ಸಾವಿರಕ್ಕೆ ಎರಡೂ ಇಲ್ಲ. ಈ ಬ್ಯಾಚಿಗೆ ಇಂಟರ್ನಲ್‌ನಲ್ಲಿ ಆ ಹಿಂದಿನ ಬ್ಯಾಚಿಗಿಂತ ಜಾಸ್ತಿ ಮಾರ್ಕ್ಸ್ ಬಂದಿತ್ತು. ಆಕ್ಯುರೆಸಿ ಜಾಸ್ತಿ ಇದ್ದಿದ್ದಕ್ಕೆ. ನನ್ನ ದೂರಿನ ಮುಖ್ಯ ಭಾಗ ಇದೇ ಮಾನ್ಯರೇ, ತಪ್ಪು ಜಾಸ್ತಿ ಮಾಡಿದಷ್ಟೂ ಅಂಕ ಜಾಸ್ತಿ ಬರೋ ಹಾಗೆ ನಮ್ಮ ಮೌಲ್ಯಮಾಪನ ಇದೆ.

ಇದು ವಿದ್ಯಾರ್ಥಿಗಳ ಮಟ್ಟದ ತಪ್ಪು, ಕೆಲಸಕ್ಕೆ ಸೇರಿದ್ಮೇಲೆ ಸರಿಹೋಗತ್ತೆ ಅಂತ ಒಬ್ಬರು ಪ್ರೊಫೆಸರ್ ನಂಗೆ ಹೇಳಿದ್ರು. ಹೋಗಲ್ಲ ಸರ್. ಕೋವಿಡ್ ಟೈಮಲ್ಲಿ ಎಕ್ಸ್-ರೇ, ಸಿಟಿ ಸ್ಕ್ಯಾನ್ ನೋಡಿ ಕಾಯಿಲೆ ಹೇಳೋ ಮಾಡೆಲ್‌ಗಳು ಸಾವಿರಗಟ್ಟಲೆ ಬಂದ್ವು. ಕೇಂಬ್ರಿಡ್ಜಿನವರ ನೇತೃತ್ವದ ಒಂದು ತಂಡ 2020ರ ಅಂಥ 2,212 ಅಧ್ಯಯನಗಳನ್ನ ಹುಡುಕಿ ತೆಗೆದು, ಗುಣಮಟ್ಟ ಸೋಸಿ 62 ಉಳಿಸ್ಕೊಂಡು ಕೂಲಂಕಷವಾಗಿ ನೋಡಿ 2021ರಲ್ಲಿ ನೇಚರ್ ಮಷೀನ್ ಇಂಟೆಲಿಜೆನ್ಸ್ ಪತ್ರಿಕೇಲಿ ವರದಿ ಕೊಡ್ತು, ಆಸ್ಪತ್ರೆಯಲ್ಲಿ ಬಳಸೋಕೆ ಲಾಯಕ್ಕಾಗಿದ್ದು ಒಂದೂ ಇರಲಿಲ್ಲ. ಕಾರಣಗಳಲ್ಲಿ ಒಂದು ಕೇಳಿ. ಕೆಲವರು ಕೋವಿಡ್ ಇರೋ ಚಿತ್ರ ಅಂತ ದೊಡ್ಡೋರ ಎಕ್ಸ್-ರೇ ತಗೊಂಡು, ಕೋವಿಡ್ ಇಲ್ಲದ್ದು ಅಂತ ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್-ರೇ ತಗೊಂಡಿದ್ರು, ಯಾಕಂದ್ರೆ ಇಂಟರ್ನೆಟ್‌ನಲ್ಲಿ ಸುಲಭಕ್ಕೆ ಸಿಗ್ತಿದ್ದ ಚಿತ್ರಗಳು ಅವು. ಅಂಥ ಕಡೆ ಮಾಡೆಲ್ ಕೋವಿಡ್ ಕಲೀಬೇಕಾಗೇ ಇಲ್ಲ, ಮಗು ಯಾವುದು ದೊಡ್ಡೋರು ಯಾವುದು ಅಂತ ಗೊತ್ತಾದ್ರೆ ಸಾಕು. ಇದನ್ನ ಮಾಡಿದೋರು ಪೇಪರ್ ಪಬ್ಲಿಷ್ ಮಾಡೋ ಸಂಶೋಧಕರು. ನಮ್ಮ ಹನ್ನೊಂದು ಬ್ಯಾಚಲ್ಲಿ ಮೂರು ಬ್ಯಾಚ್ ಎಕ್ಸ್-ರೇ ಪ್ರಾಜೆಕ್ಟೇ, ಮೂರರಲ್ಲಿ ಒಬ್ಬರೂ ಚಿತ್ರಗಳು ಯಾವ ಊರಿನ ಯಾವ ವಯಸ್ಸಿನೋರದ್ದು ಅಂತ ಹೇಳೋಕೆ ಆಗ್ಲಿಲ್ಲ.

ಈಗ ನಮ್ಮ ಮನೆ ವಿಷಯ ಒಂದು ಹೇಳಬೇಕು, ಇದು ಇಲ್ಲಿ ಯಾಕೆ ಅಂತ ಆಮೇಲೆ ಗೊತ್ತಾಗತ್ತೆ.

ಎರಡು ವರ್ಷದ ಹಿಂದೆ ನನ್ನ ತಂಗಿ ಮೂರು ತಿಂಗಳ ಬಸುರಿ, ಡಾಕ್ಟರು ಡಬಲ್ ಮಾರ್ಕರ್ ಟೆಸ್ಟ್ ಬರೆದುಕೊಟ್ಟಿದ್ರು, ಹೊಟ್ಟೆಯಲ್ಲಿರೋ ಮಗುಗೆ ಡೌನ್ ಸಿಂಡ್ರೋಮಿನಂಥ ತೊಂದರೆ ಇರೋ ಸಾಧ್ಯತೆ ಎಷ್ಟು ಅಂತ ನೋಡೋ ರಕ್ತ ಪರೀಕ್ಷೆ ಅದು. ಒಂದು ಭಾನುವಾರ ಸಂಜೆ ಲ್ಯಾಬಿನಿಂದ ವಾಟ್ಸಾಪ್‌ಗೆ ರಿಪೋರ್ಟ್ ಬಂತು. ಟ್ರೈಸೋಮಿ 21 (ಡೌನ್ ಸಿಂಡ್ರೋಮ್‌ನ ಇನ್ನೊಂದು ಹೆಸರು) ಅಂತ ಒಂದು ಸಾಲು, ಅದರ ಮುಂದೆ 1:198, ಅದರ ಮುಂದೆ ಕೆಂಪು ಅಕ್ಷರದಲ್ಲಿ ಹೈ ರಿಸ್ಕ್. ಜೊತೆಗೆ ಒಂದು ಗ್ರಾಫು, ಕೆಂಪು ಚುಕ್ಕಿ ಗೆರೆಯ ಮೇಲೆ. ಅಷ್ಟೇ, ವಿವರಣೆ ಇಲ್ಲ. ಡಾಕ್ಟರು ಸಿಗೋದು ಮಂಗಳವಾರ. ಅಮ್ಮ ದೇವರ ಮನೆ ಸೇರಿ ಬಾಗಿಲು ಹಾಕ್ಕೊಂಡ್ರು, ತಂಗಿ ಗಂಡ ಫೋನ್ ಮೇಲೆ ಫೋನ್, ತಂಗಿ ಮಾತ್ರ ಸೋಫಾ ಮೇಲೆ ಕೂತು ಆ ಪಿಡಿಎಫ್ ಅನ್ನ ಹಿಗ್ಗಿಸೋದು ಕುಗ್ಗಿಸೋದು ಮಾಡ್ತಾ ಇದ್ಲು.

ನನ್ನ ಅಣ್ಣನ ಮಗ ಆಗ ಆರನೇ ಸೆಮಿಸ್ಟರ್, ನಿಮ್ಮದೇ ಸಿಲಬಸ್. ಪ್ರಾಬಬಿಲಿಟಿ ಪೇಪರಲ್ಲಿ ತೊಂಬತ್ತೊಂದು ತೆಗೆದಿದ್ದ, ಹೊಸ ಸುಳಿವು ಸಿಕ್ಕಾಗ ಸಾಧ್ಯತೆ ಎಷ್ಟು ಬದಲಾಗತ್ತೆ ಅಂತ ಲೆಕ್ಕ ಹಾಕೋ ಬೇಯ್ಸ್ ಥಿಯರಂ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ. ನಾನು ಬಸವನಗುಡಿಯಿಂದ ಆಟೋ ಹಿಡಿದು ಅವರ ಮನೆ ಮುಟ್ಟೋ ಅಷ್ಟರಲ್ಲಿ ಅವನು ಗೂಗಲ್ ಮಾಡಿ ಎಲ್ಲರಿಗೂ ಹೇಳಿಬಿಟ್ಟಿದ್ದ, ಟೆಸ್ಟ್ ತೊಂಬತ್ತು ಪರ್ಸೆಂಟ್ ಕರೆಕ್ಟ್ ಅಂತೆ, ಹಾಗಾಗಿ ಚಿಕ್ಕತ್ತೆ ಮಗುಗೆ ಡೌನ್ ಸಿಂಡ್ರೋಮ್ ಇರೋ ಚಾನ್ಸ್ ತೊಂಬತ್ತು ಪರ್ಸೆಂಟ್ ಅಂತ.

ನಾನು ಒಂದು ಹಾಳೆ ತಗೊಂಡು ತಂಗಿ ಪಕ್ಕ ಕೂತೆ. "ನೋಡೇ, ನಿನ್ನ ಥರಾನೇ ಇದೇ ಸಂಖ್ಯೆ ಬಂದಿರೋ ನೂರಾ ತೊಂಬತ್ತೆಂಟು ಜನ ಬಸುರಿಯರನ್ನ ಸಾಲಾಗಿ ಕೂರಿಸಿದ್ರೆ, ಅದರಲ್ಲಿ ಒಬ್ಬರ ಮಗುಗೆ ಇರತ್ತೆ, ನೂರಾ ತೊಂಬತ್ತೇಳು ಜನರ ಮಗುಗೆ ಇರಲ್ಲ. ಲ್ಯಾಬಿನೋರು 250ರಲ್ಲಿ ಒಂದು ಅಂತ ಗೆರೆ ಎಳ್ಕೊಂಡಿದ್ದಾರೆ, ಅದಕ್ಕಿಂತ ಈ ಕಡೆ ಇದ್ರೆ ಕೆಂಪು." ಅವಳು ಆ ಹಾಳೆ ಇಸ್ಕೊಂಡು ತುಂಬಾ ಹೊತ್ತು ನೋಡಿದ್ಲು. "ಇಷ್ಟೇನಾ ಅಕ್ಕ" ಅಂದ್ಲು.

ಆಮೇಲೆ ಹುಡುಗನನ್ನ ಕೂರಿಸಿ ತೊಂಬತ್ತು ಪರ್ಸೆಂಟ್ ಎಲ್ಲಿಂದ ಬಂತು ಅಂತ ತೋರಿಸಿದೆ. ಸ್ಕ್ಯಾನೂ ರಕ್ತ ಪರೀಕ್ಷೆಯೂ ಸೇರಿಸಿ ನೋಡಿದಾಗ, ನಿಜವಾಗ್ಲೂ ಡೌನ್ ಸಿಂಡ್ರೋಮ್ ಇರೋ ನೂರು ಮಕ್ಕಳಲ್ಲಿ ಎಂಬತ್ತೈದರಿಂದ ತೊಂಬತ್ತನ್ನ ಟೆಸ್ಟ್ ಹಿಡಿಯತ್ತೆ, ಇಲ್ಲದೇ ಇರೋ ನೂರರಲ್ಲಿ ಸುಮಾರು ಐದನ್ನ ತಪ್ಪಾಗಿ ಹಿಡಿಯತ್ತೆ. ಈಗ ಹತ್ತು ಸಾವಿರ ಬಸುರಿಯರು ಅಂತ ಇಟ್ಕೋ. ಏಳು ನೂರಕ್ಕೆ ಒಂದರ ಲೆಕ್ಕದಲ್ಲಿ ಹದಿನಾಲ್ಕು ಮಕ್ಕಳಿಗೆ ಇರತ್ತೆ, ಟೆಸ್ಟ್ ಅದರಲ್ಲಿ ಹನ್ನೆರಡನ್ನ ಹಿಡಿಯತ್ತೆ. ಉಳಿದ 9,986ರಲ್ಲಿ ನೂರಕ್ಕೆ ಐದು ಅಂದ್ರೆ ಹೆಚ್ಚುಕಮ್ಮಿ ಐನೂರು. ಕೆಂಪು ಅಕ್ಷರ ಬಂದಿದ್ದು ಒಟ್ಟು ಐನೂರಾ ಹನ್ನೆರಡು ಜನಕ್ಕೆ, ಅದರಲ್ಲಿ ನಿಜ ಹನ್ನೆರಡು. ಇದು ಕೆಂಪು ಬಂದ ಎಲ್ಲರನ್ನೂ ಸೇರಿಸಿದ ಲೆಕ್ಕ, ಚಿಕ್ಕತ್ತೆಯದು ಗೆರೆ ಹತ್ತಿರ ಇರೋದ್ರಿಂದ ಅದಕ್ಕಿಂತ ಕಮ್ಮಿ, 198ರಲ್ಲಿ ಒಂದು. ಅವನು ಹಾಳೆ ನೋಡ್ತಾ ನೋಡ್ತಾ, "ಅತ್ತೆ, ಇದು ಬೇಯ್ಸ್ ಥಿಯರಂ ಅಲ್ವಾ!" ಅಂದ. ಹೌದಪ್ಪಾ, ಅದೇ. ಮೂರು ಮೆಷಿನ್ನು ಬೋಲ್ಟ್ ತಯಾರಿಸತ್ತೆ, ಕೆಟ್ಟ ಬೋಲ್ಟ್ ಎರಡನೇ ಮೆಷಿನ್ನಿಂದ ಬಂದಿರೋ ಸಂಭವನೀಯತೆ ಎಷ್ಟು ಅಂತ ಹತ್ತು ಮಾರ್ಕ್ಸಿಗೆ ಅವನು ಬರೆದಿದ್ದೂ ಇದನ್ನೇ, ಆದ್ರೆ ಬೋಲ್ಟ್ ಜಾಗದಲ್ಲಿ ಚಿಕ್ಕತ್ತೆ ಬಂದಾಗ ಅವನಿಗೆ ಗುರುತು ಸಿಗ್ಲಿಲ್ಲ. ಅವನನ್ನ ನಾನು ಬೈಯ್ಯಲಿಲ್ಲ. ಇಂಥದ್ದನ್ನ ನೋಡಿ ಗುರುತು ಹಿಡಿಯೋ ಅಭ್ಯಾಸ ಅವನಿಗೆ ಯಾರು ಮಾಡಿಸಿದ್ರು?

ಡಾಕ್ಟರು ಹೇಳಿದ ಮುಂದಿನ ರಕ್ತ ಪರೀಕ್ಷೆ ಮಾಡಿಸಿದ್ವಿ, ರಿಪೋರ್ಟಿಗೆ ಹತ್ತು ದಿನ ಕಾದ್ವಿ, ಎಲ್ಲಾ ಸರಿ ಇತ್ತು, ಮಗು ಈಗ ಮನೆಯೆಲ್ಲಾ ಓಡಾಡ್ಕೊಂಡಿದೆ. ರಿಸಲ್ಟ್ ಬೇರೆ ಬಂದಿದ್ರೂ ನಾನು ಇದನ್ನೇ ಬರೀತಿದ್ದೆ, ಯಾಕಂದ್ರೆ ನೂರಾ ತೊಂಬತ್ತೆಂಟರಲ್ಲಿ ಒಂದು ಅಂದ್ರೆ ಸೊನ್ನೆ ಅಲ್ಲ, ಸ್ಕ್ರೀನಿಂಗ್ ಟೆಸ್ಟ್ ಬೇಡ ಅಂತಾನೂ ನನ್ನ ವಾದ ಅಲ್ಲ, ಅದು ಬೇಕು. ನನ್ನ ತಕರಾರು ಆ ರಿಪೋರ್ಟನ್ನ ಕೆಂಪು ಅಕ್ಷರದಲ್ಲಿ ಪ್ರಿಂಟ್ ಮಾಡೋ ಸಾಫ್ಟ್‌ವೇರ್ ಬಗ್ಗೆ. ಅದನ್ನ ಬರೆದೋರು ಇಂಜಿನಿಯರ್‌ಗಳೇ ತಾನೇ. "ನಿಮ್ಮಂಥ 198 ಜನರಲ್ಲಿ ಒಬ್ಬರಿಗೆ" ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸೋದಕ್ಕೆ ಅವರಿಗೆ ಹತ್ತು ನಿಮಿಷ ಸಾಕಾಗಿತ್ತು, ಆ ಸಾಲು ಬೇಕು ಅಂತ ಹೊಳೀಬೇಕಿತ್ತಷ್ಟೇ. ನಿಮ್ಮ ಮಂಡಳಿ ಕೈಯಲ್ಲಿ ತಯಾರಾಗೋ ಮಕ್ಕಳು ನಾಳೆ ಇಂಥ ರಿಪೋರ್ಟು, ಸಾಲದ ಅರ್ಜಿ ರಿಜೆಕ್ಟ್ ಮಾಡೋ ಸ್ಕೋರು, ಮುಖ ನೋಡಿ ಗೇಟ್ ತೆಗೆಯೋ ಕ್ಯಾಮೆರಾ ಎಲ್ಲಾ ಮಾಡೋರು.

ಈ ತಪ್ಪು ಎಲ್ಲಿವರೆಗೂ ಹೋಗಬಹುದು ಅನ್ನೋದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಅನ್ನೋ ತಾಯಿಯ ಕೇಸ್ ಇದೆ. ಎರಡು ಕೂಸು ಒಂದಾದ ಮೇಲೊಂದು ತೊಟ್ಟಿಲ ವಯಸ್ಸಲ್ಲೇ ತೀರ್ಕೊಂಡ್ವು, ಅವಳೇ ಕೊಂದಳು ಅಂತ 1999ರಲ್ಲಿ ಶಿಕ್ಷೆ ಆಯ್ತು. ಕೋರ್ಟಲ್ಲಿ ಮಕ್ಕಳ ತಜ್ಞ ರಾಯ್ ಮೆಡೋ ಹೇಳಿದ ಲೆಕ್ಕ, ಅಂಥ ಕುಟುಂಬದಲ್ಲಿ ಒಂದು ಮಗು ಹಾಗೆ ಕಾರಣ ಇಲ್ಲದೇ ಸಾಯೋದು 8,543ರಲ್ಲಿ ಒಂದು, ಎರಡು ಮಕ್ಕಳು ಅಂದ್ರೆ ಅದನ್ನ ಅದರಿಂದಲೇ ಗುಣಿಸಿ, 7.3 ಕೋಟಿಯಲ್ಲಿ ಒಂದು. ಒಂದೇ ತಾಯಿ ಒಂದೇ ಮನೆ, ಎರಡು ಸಾವು ಒಂದಕ್ಕೊಂದು ಸಂಬಂಧ ಇಲ್ಲ ಅಂತ ಗುಣಿಸಿದ್ದು ಮೊದಲನೇ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಆ ಸಂಖ್ಯೆಯನ್ನ ಅವಳು ನಿರಪರಾಧಿ ಆಗಿರೋ ಚಾನ್ಸ್ ಅಂತ ಜನ ಓದ್ಕೊಂಡಿದ್ದು. ಒಬ್ಬ ತಾಯಿ ಎರಡು ಕೂಸನ್ನ ಕೊಲ್ಲೋದು ಅದಕ್ಕಿಂತ ಅಪರೂಪ ಇರಬಹುದಲ್ವಾ, ಎರಡನ್ನೂ ತಕ್ಕಡಿಗೆ ಹಾಕಬೇಕಲ್ವಾ ಅಂತ ಕೇಳೋರು ಆ ಕೋರ್ಟಲ್ಲಿ ಇರಲಿಲ್ಲ. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪ ಎತ್ತಿತು, ಮಗುವಿನ ಒಂದು ಲ್ಯಾಬ್ ರಿಪೋರ್ಟ್ ಕೋರ್ಟಿನ ಮುಂದೆ ಬಂದೇ ಇರಲಿಲ್ಲ ಅನ್ನೋದೂ ಹೊರಗೆ ಬಂತು, 2003ರಲ್ಲಿ ಬಿಡುಗಡೆ ಆದಳು. 2007ರಲ್ಲಿ ತೀರಿಹೋದಳು. ನಾನು ಈ ಕೇಸನ್ನ ಎಂ.ಎಸ್ಸಿ ಮುಗಿಸಿ ಎಷ್ಟೋ ವರ್ಷ ಆದ್ಮೇಲೆ ಓದಿದೆ, ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ.

ಇನ್ನು ಪಿ ವ್ಯಾಲ್ಯೂ. ವೈವಾದಲ್ಲಿ ನಾನು ಎಲ್ಲಾ ಬ್ಯಾಚಿಗೂ ಇದೊಂದು ಕೇಳ್ತೀನಿ, ಪಿ 0.03 ಅಂದ್ರೆ ಏನು ಅಂತ. ಬರೋ ಉತ್ತರ ಒಂದೇ, ನಮ್ಮ ಹೈಪೋಥಿಸಿಸ್ ನಿಜ ಆಗಿರೋ ಸಾಧ್ಯತೆ 97 ಪರ್ಸೆಂಟ್ ಮೇಡಂ. ಅದಲ್ಲ. ನಿಜವಾಗಿ ಏನೂ ಸಂಬಂಧ ಇಲ್ಲದೇ ಇದ್ದಿದ್ರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ನೂರರಲ್ಲಿ ಮೂರು ಸಲ ಕಾಣಿಸಬಹುದಿತ್ತು, ಅಷ್ಟು ಮಾತ್ರ ಅದು ಹೇಳತ್ತೆ. ಒಂದು ಬ್ಯಾಚಿನೋರು ತಮ್ಮ ಕ್ಲಾಸ್‌ಮೇಟ್‌ಗಳಿಗೆ ಇಪ್ಪತ್ತು ಪ್ರಶ್ನೆ ಕೇಳಿ, ಎಷ್ಟು ಹೊತ್ತಿಗೆ ಮಲಗ್ತೀರ, ರೀಲ್ಸ್ ಎಷ್ಟು ನೋಡ್ತೀರ, ಬಿಎಂಟಿಸೀಲಿ ಬರ್ತೀರೋ ಮೆಟ್ರೋದಲ್ಲೋ, ಇಪ್ಪತ್ತನ್ನೂ ಸಿಜಿಪಿಎ ಜೊತೆ ಹೊಂದಿಸಿ ನೋಡಿ, ಬೆಳಗ್ಗೆ ತಿಂಡಿ ತಿನ್ನೋದು ಒಂದರ ಪಿ ವ್ಯಾಲ್ಯೂ ಮಾತ್ರ 0.05 ಅನ್ನೋ ರೂಢಿಯ ಗೆರೆಗಿಂತ ಕಮ್ಮಿ ಬಂತು ಅಂತ ರಿಪೋರ್ಟಿಗೆ ಅದನ್ನೇ ಹೆಸರಿಟ್ಟಿದ್ರು. ಉಳಿದ ಹತ್ತೊಂಬತ್ತರ ಸುದ್ದಿ ಇಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಖಾಲಿ ಪ್ರಶ್ನೆ ಕೇಳಿದ್ರೂ ಒಂದಾದ್ರೂ ಆ ಗೆರೆ ದಾಟೋ ಸಾಧ್ಯತೆ 64 ಪರ್ಸೆಂಟ್ ಇರತ್ತೆ, 0.95 ಅನ್ನ ಇಪ್ಪತ್ತು ಸಲ ಗುಣಿಸಿ ಒಂದರಿಂದ ಕಳೆದ್ರೆ ಬರತ್ತೆ. ಆ 0.05 ಆದ್ರೂ ಆಕಾಶದಿಂದ ಇಳಿದಿದ್ದಲ್ಲ, ಬ್ರಿಟಿಷ್ ಸ್ಟ್ಯಾಟಿಸ್ಟಿಷಿಯನ್ ರೊನಾಲ್ಡ್ ಫಿಷರ್ 1925ರಲ್ಲಿ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆ ಅಂತ ಇಟ್ಕೊಂಡ ಗೆರೆ. 2015ರಲ್ಲಿ ಮನಃಶಾಸ್ತ್ರದ ನೂರು ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದಾಗ, ಮೊದಲು 97 ಪರ್ಸೆಂಟ್ ಆ ಗೆರೆ ದಾಟಿದ್ದು ಎರಡನೇ ಸಲ ದಾಟಿದ್ದು 36 ಪರ್ಸೆಂಟ್. ಮಾರನೇ ವರ್ಷ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಪಿ ವ್ಯಾಲ್ಯೂ ಏನು ಹೇಳಲ್ಲ ಅನ್ನೋದನ್ನೇ ಒಂದು ಹೇಳಿಕೆಯಾಗಿ ಹೊರಡಿಸಬೇಕಾಯ್ತು. ಇದೆಲ್ಲಾ ಆಗಿ ಇಷ್ಟು ವರ್ಷ ಆಯ್ತು, ನಮ್ಮ ಪ್ರಶ್ನೆ ಪತ್ರಿಕೇಲಿ ಇನ್ನೂ "ಟಿ ಟೇಬಲ್ ಬೆಲೆ 2.262, ಹೈಪೋಥಿಸಿಸ್ ಒಪ್ಪುವಿರೋ ತಿರಸ್ಕರಿಸುವಿರೋ" ಅಂತಷ್ಟೇ ಕೇಳ್ತೀವಿ, ತಿರಸ್ಕರಿಸಿದೆ ಅಂತ ಬರೆದ್ರೆ ಪೂರ್ತಿ ಮಾರ್ಕ್ಸು, ತಿರಸ್ಕರಿಸಿದ್ರೆ ಏನು ಅರ್ಥ ಅಂತ ಯಾರೂ ಕೇಳಲ್ಲ.

ನಾನು ಹಿಂದಿನ ಕೆಲವು ವರ್ಷದ ಪ್ರಶ್ನೆ ಪತ್ರಿಕೆ ಇಸ್ಕೊಂಡು ಕೂತು ನೋಡಿದೀನಿ. ಐದು ಮಾಡ್ಯೂಲು, ಪಾಯ್ಸಾನ್ ಫಿಟ್ ಮಾಡು, ಕೋರಿಲೇಷನ್ ಕಂಡುಹಿಡಿ, ಕೈ-ಸ್ಕ್ವೇರ್ ಲೆಕ್ಕ ಹಾಕು. ಈ ಲೆಕ್ಕಗಳು ಬೇಡ ಅಂತಲ್ಲ, ಕೈಯಲ್ಲಿ ಒಂದ್ಸಲ ಮಾಡಿದ್ರೇನೇ ಮೈಗೆ ಹತ್ತೋದು. ಆದ್ರೆ ನಾನು ನೋಡಿದ ಪತ್ರಿಕೆಗಳಲ್ಲಿ ಒಂದರಲ್ಲೂ ಡೇಟಾ ಎಲ್ಲಿಂದ ಬಂತು ಅಂತ ಕೇಳೋ ಪ್ರಶ್ನೆ ಇಲ್ಲ, ಒಂದು ಉತ್ತರವನ್ನ ಮಾತಲ್ಲಿ ವಿವರಿಸು ಅನ್ನೋ ಪ್ರಶ್ನೆ ಇಲ್ಲ.

ಇನ್ನೊಂದು ವಿಷಯಕ್ಕೆ ನಂಗೆ ತುಂಬಾ ಬೇಜಾರು. ನಾನು ಕೇಳಿದ ಮಕ್ಕಳಲ್ಲಿ ಸ್ಟ್ಯಾಟಿಸ್ಟಿಷಿಯನ್ ಸಿ.ಆರ್. ರಾವ್ ಹೆಸರು ಗೊತ್ತಿದ್ದೋರು ಇಬ್ಬರೋ ಮೂವರೋ. 1920ರಲ್ಲಿ ನಮ್ಮ ಹೂವಿನಹಡಗಲೀಲಿ ಹುಟ್ಟಿದೋರು, 2023ರಲ್ಲಿ ಸ್ಟ್ಯಾಟಿಸ್ಟಿಕ್ಸ್‌ನ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ವರ್ಷ ಆಗಸ್ಟಲ್ಲಿ 102ನೇ ವಯಸ್ಸಲ್ಲಿ ತೀರ್ಕೊಂಡ್ರು. ಅವರಿಗೆ ಇನ್ನೂ ಇಪ್ಪತ್ತೈದು ಆಗಿರಲಿಲ್ಲ, ಕಲ್ಕತ್ತಾದಲ್ಲಿ ಎಸ್ಟಿಮೇಷನ್ (ಡೇಟಾದಿಂದ ಅಂದಾಜು ಮಾಡೋದು) ಪಾಠ ಮಾಡ್ತಾ ಫಿಷರ್ ಅವರ ಒಂದು ಫಲಿತಾಂಶ ಹೇಳಿದ್ರು, ಅದು ಡೇಟಾ ತುಂಬಾ ಇದ್ದಾಗ ಮಾತ್ರ ನಡೆಯೋದು. ಕ್ಲಾಸಲ್ಲಿ ಒಬ್ಬ ವಿದ್ಯಾರ್ಥಿ, ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞ ಆದ ವಿ.ಎಂ. ದಾಂಡೇಕರ್, ಡೇಟಾ ಕಮ್ಮಿ ಇದ್ದಾಗ ಏನು ಹೇಳ್ತೀರಿ ಅಂತ ಕೇಳಿದ್ರು. ರಾವ್ ಮನೆಗೆ ಹೋಗಿ ರಾತ್ರಿ ಕೂತು ಸಾಧಿಸಿದ್ದು ಇವತ್ತು ಜಗತ್ತೆಲ್ಲಾ ಕ್ರಾಮರ್-ರಾವ್ ಮಿತಿ ಅಂತ ಓದ್ತಾರೆ, 1945ರಲ್ಲಿ ಪ್ರಕಟ ಆಯ್ತು. ಸರಳವಾಗಿ ಹೇಳೋದಾದ್ರೆ, ಒಂದು ಕಡೆಗೆ ವಾಲದ ಅಂದಾಜು ಬೇಕು ಅಂದ್ರೆ, ಇರೋ ಇಷ್ಟು ಡೇಟಾದಿಂದ ಇದಕ್ಕಿಂತ ಕರಾರುವಾಕ್ಕಾಗಿ ಹೇಳೋಕೆ ಯಾವ ವಿಧಾನದಿಂದಲೂ ಆಗಲ್ಲ ಅನ್ನೋ ಗೆರೆ ಅದು.

ಉತ್ತರಕ್ಕೆ ಉದ್ದುದ್ದ ದಶಮಾಂಶ ಬರೆಯೋ ನಮ್ಮ ಮಕ್ಕಳಿಗೆ ಬೇಕಾಗಿರೋದು ಇದೇ ತಿಳುವಳಿಕೆ. 98ರಲ್ಲಿ 61 ಹಿಡಿದ್ವಿ ಅಂದ್ರೆ 62.24 ಪರ್ಸೆಂಟ್ ಅಂತ ಬರೀತಾರೆ, ಆದ್ರೆ 98 ಫ್ರಾಡ್ ಮಾತ್ರ ನೋಡಿರೋದ್ರಿಂದ ನಾವು ಪ್ರಾಮಾಣಿಕವಾಗಿ ಹೇಳಬಹುದಾಗಿದ್ದು ಸುಮಾರು 52ರಿಂದ 72ರ ಒಳಗೆ ಎಲ್ಲೋ ಇದೆ ಅಂತ. ರಾವ್ ಕೆಲಸ ಮಾಡಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಇಲ್ಲೇ ಮೈಸೂರು ರಸ್ತೆ 8ನೇ ಮೈಲಿಯಲ್ಲಿದೆ, ದಿನಾ ಕೆಂಗೇರಿ ಬಸ್ಸಲ್ಲಿ ನಮ್ಮ ಎಷ್ಟೋ ವಿದ್ಯಾರ್ಥಿಗಳು ಅದರ ಮುಂದೇನೇ ಹೋಗ್ತಾರೆ.

ಹಾಗಾಗಿ ನನ್ನ ಕೋರಿಕೆಗಳು ಇವು. ಮೊದಲನೇದು, ಪ್ರಾಜೆಕ್ಟ್ ರಿಪೋರ್ಟಲ್ಲಿ ಒಂದು ಪುಟ ಕಡ್ಡಾಯ ಮಾಡಿ. ಡೇಟಾ ಎಲ್ಲಿಂದ ಬಂತು, ಯಾರದ್ದು, ಹುಡುಕ್ತಾ ಇರೋ ವಿಷಯ ಅದರಲ್ಲಿ ಎಷ್ಟರಲ್ಲಿ ಎಷ್ಟು ಇದೆ, ಏನೂ ಮಾಡದ ಪ್ರೋಗ್ರಾಂ ಎಷ್ಟು ಆಕ್ಯುರೆಸಿ ಕೊಡತ್ತೆ, ಡೇಟಾ ಭಾಗ ಮಾಡಿದ್ದು ಯಾವ ಹಂತದಲ್ಲಿ, ಒಟ್ಟು ಎಷ್ಟು ಮಾಡೆಲ್ ಎಷ್ಟು ಪ್ರಶ್ನೆ ಪ್ರಯತ್ನ ಮಾಡಿದ್ರಿ. ಇದು ಒಂದು ರೂಪಾಯಿ ಖರ್ಚಿಲ್ಲದ ಕೆಲಸ, ಮುಂದಿನ ಸೆಮಿಸ್ಟರಿಂದನೇ ಶುರು ಮಾಡಬಹುದು. ಅದರ ಜೊತೆಗೆ, ಮಾರ್ಕ್ಸ್ ಕೊಡೋ ಪಟ್ಟಿಯಿಂದ ಆಕ್ಯುರೆಸಿಯನ್ನ ತೆಗೆದುಹಾಕಿ. ನಮ್ಮ ಮಾಡೆಲ್ ಕೆಲಸ ಮಾಡ್ಲಿಲ್ಲ, ಕಾರಣ ಇದು ಅಂತ ಸರಿಯಾಗಿ ಬರೆದ ಬ್ಯಾಚಿಗೆ ಪೂರ್ತಿ ಅಂಕ ಸಿಗಬೇಕು, ಇಲ್ಲದಿದ್ರೆ ಮಕ್ಕಳು ಸಂಖ್ಯೆ ತಿದ್ದೋದನ್ನ ನಾವೇ ಕಲಿಸಿದ ಹಾಗೆ.

ಪ್ರಶ್ನೆ ಪತ್ರಿಕೇಲಿ ಪ್ರತಿ ಮಾಡ್ಯೂಲಿಗೆ ಒಂದು ಪ್ರಶ್ನೆಯಾದ್ರೂ ಮಾತಲ್ಲಿ ಉತ್ತರಿಸೋದು ಇರಲಿ. ಒಂದು ಲ್ಯಾಬ್ ರಿಪೋರ್ಟ್ ಕೊಟ್ಟು ಇದನ್ನ ನಿಮ್ಮ ಅಜ್ಜಿಗೆ ವಿವರಿಸಿ ಅಂತ ಕೇಳಿ, ಕನ್ನಡದಲ್ಲಿ ಬರೆದ್ರೂ ಅಂಕ ಕೊಡಿ. ವೈವಾದಲ್ಲೂ ಅಷ್ಟೇ, ಇಂಗ್ಲಿಷಲ್ಲಿ ತಡವರಿಸ್ತಿದ್ದ ಹುಡುಗ ಕನ್ನಡದಲ್ಲಿ ಹೇಳಪ್ಪಾ ಅಂದ ತಕ್ಷಣ ಓವರ್‌ಫಿಟ್ಟಿಂಗ್ ಅನ್ನ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ, ಹಳೇ ಪ್ರಶ್ನೆ ಪತ್ರಿಕೆ ಬಾಯಿಪಾಠ ಮಾಡಿದೋನು ಹೊಸ ಪ್ರಶ್ನೆ ಬಂದ್ರೆ ಬಿದ್ದುಹೋಗ್ತಾನಲ್ಲಾ ಮೇಡಂ ಹಾಗೆ ಅಂದ.

ಲ್ಯಾಬ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಕ್ಷಮಿಸಿ, ನಂಗೆ ಇದರಲ್ಲಿ ನಂಬಿಕೆ ಜಾಸ್ತಿ. ಟೇಬಲ್ ನೋಡಿ ಕಲಿಯೋ ಕಾಲ ಕಂಪ್ಯೂಟರ್ ದುಬಾರಿ ಇದ್ದಾಗಿನದು. ಆ ತಿಂಡಿ ಸಿಜಿಪಿಎ ಬ್ಯಾಚನ್ನ ನಾನು ಅಲ್ಲೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಸಿಜಿಪಿಎ ಕಾಲಂ ಅನ್ನ ಇಸ್ಪೀಟ್ ಎಲೆ ಕಲಸೋ ಹಾಗೆ ಹತ್ತು ಸಾವಿರ ಸಲ ಕಲಸಿ, ಪ್ರತಿ ಸಲವೂ ಇಪ್ಪತ್ತು ಪ್ರಶ್ನೆಗೂ ಸಂಬಂಧ ಲೆಕ್ಕ ಹಾಕಿ, ಇಪ್ಪತ್ತರಲ್ಲಿ ಎಲ್ಲಕ್ಕಿಂತ ಚಿಕ್ಕ ಪಿ ವ್ಯಾಲ್ಯೂ ಎಷ್ಟು ಬಂತು ಅಂತ ಎಣಿಸೋಕೆ ಹೇಳಿದೆ. ಪೈಥಾನಲ್ಲಿ ಹದಿನೈದು ಸಾಲು. ಅರ್ಧಕ್ಕಿಂತ ಜಾಸ್ತಿ ಸಲ, ಬೇಕಂತಲೇ ಕಲಸಿಹಾಕಿದ ಡೇಟಾದಲ್ಲೇ, ಏನೋ ಒಂದು 0.05ರ ಒಳಗೆ ಬಂತು. ಹುಡುಗರು ಸ್ಕ್ರೀನ್ ನೋಡ್ತಾ ಕೂತುಬಿಟ್ರು. ಆ ಹದಿನೈದು ಸಾಲು ಬರೆದೋರು ಇನ್ಮೇಲೆ ಪಿ ವ್ಯಾಲ್ಯೂ ಅನ್ನ ತಪ್ಪಾಗಿ ಹೇಳಲ್ಲ. ನಮ್ಮ ಮಕ್ಕಳಿಗೆ ಕೋಡ್ ಬರತ್ತೆ, ಇದು ಬೇರೆ ಬ್ರಾಂಚಿನೋರಿಗೆ ಇಲ್ಲದ ಅನುಕೂಲ, ಅದನ್ನ ಬಳಸ್ಕೊಳ್ಳೋ ಒಂದು ಲ್ಯಾಬ್ ಕೊಡಿ.

ಮೇಷ್ಟ್ರುಗಳ ಬಗ್ಗೆ ಒಂದು ಮಾತು. ವಾರಕ್ಕೆ ಇಷ್ಟು ಕ್ಲಾಸು, ಅಕ್ರೆಡಿಟೇಷನ್ ಫೈಲು, ಇದರ ಮಧ್ಯೆ ಅವರೇ ಕಲಿತು ಬದಲಾಯಿಸ್ಲಿ ಅಂದ್ರೆ ನ್ಯಾಯ ಅಲ್ಲ. ಸೆಮಿಸ್ಟರ್ ರಜೇಲಿ ಒಂದು ವಾರ ತರಬೇತಿ ಇಡಿ. ನಾನು, ನನ್ನ ಥರ ಕೆಲಸ ಮಾಡೋ ನಾಲ್ಕೈದು ಗೆಳೆಯರು, ಶನಿವಾರಗಳಲ್ಲಿ ಬಂದು ದುಡ್ಡು ತಗೊಳ್ಳದೇ ಪಾಠ ಮಾಡೋಕೆ ಸಿದ್ಧ ಇದ್ದೀವಿ, ಲ್ಯಾಬ್ ಮ್ಯಾನುಯಲ್ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದುಕೊಡ್ತೀವಿ. ಮುಂದಿನ ಮಂಡಳಿ ಸಭೆಗೆ ಹತ್ತು ನಿಮಿಷ ಕೊಟ್ರೆ ಬಂದು ಹೇಳ್ತೀನಿ.

ವೈವಾ ಮುಗಿದು ಹನ್ನೆರಡು ದಿನಕ್ಕೆ ಆ ಫ್ರಾಡ್ ಪ್ರಾಜೆಕ್ಟಿನ ಹುಡುಗಿ ಮೇಲ್ ಮಾಡಿದ್ಲು. ಮತ್ತೆ ಹೊಸದಾಗಿ ಡೇಟಾ ಭಾಗ ಮಾಡಿ, ಟೆಸ್ಟ್ ಸೆಟ್ ಅನ್ನ ಕೊನೇಲಿ ಒಂದೇ ಸಲ ಮುಟ್ಟಿ, ಟೇಬಲ್ಲಿನ ಮೊದಲನೇ ಸಾಲಲ್ಲಿ ಏನೂ ಮಾಡದ ಪ್ರೋಗ್ರಾಮಿನ 99.83 ಹಾಕಿ, ಎರಡನೇ ಸಾಲಲ್ಲಿ ತಮ್ಮ ಮಾಡೆಲ್ 98ರಲ್ಲಿ 70 ಹಿಡಿದಿದ್ದು, 41 ಜನರನ್ನ ತಪ್ಪಾಗಿ ಹಿಡಿದಿದ್ದು, ಎರಡಕ್ಕೂ ಇಷ್ಟರಿಂದ ಇಷ್ಟು ಅನ್ನೋ ಅಂದಾಜು, ಎಲ್ಲಾ ಬರೆದಿದ್ಲು. ಮಾರ್ಕ್ಸ್ ಆಗ್ಲೇ ಅಪ್‌ಲೋಡ್ ಆಗಿತ್ತು, ಬದಲಾಗೋ ಹಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. "ಮೇಡಂ, ಇದನ್ನ ಯಾರಿಗೆ ಸಬ್‌ಮಿಟ್ ಮಾಡ್ಲಿ?" ಅಂತ ಕೊನೇಲಿ ಕೇಳಿದ್ಲು. ಅವಳ ಒಪ್ಪಿಗೆ ತಗೊಂಡು, ಹೆಸರು ತೆಗೆದು, ಆ ಒಂದು ಪುಟವನ್ನ ಈ ಪತ್ರದ ಜೊತೆ ಲಗತ್ತಿಸಿದ್ದೀನಿ. ದಯವಿಟ್ಟು ನೋಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಕ್ಸ್‌ಟರ್ನಲ್ ಎಕ್ಸಾಮಿನರ್
ಬಸವನಗುಡಿ, ಬೆಂಗಳೂರು